ನೀರಿಗೆ ಹೋದ ಮಣ್ಣಿನ ಎತ್ತು

ನಾನು ನಿಂತದ್ದು ನಮ್ಮ ಹೊಲದ ಬನ್ನಿಗಿಡದ ಕೆಳಗೆ. ಎಳ್ಳಮಾಸಿಯ ಮಧ್ಯಾಹ್ನ, ಉಳಿದ ಗಂಡಸರೆಲ್ಲ ಭೂಮಿತಾಯಿಗೆ ಚರಗದ ಎಡೆ ಚೆಲ್ಲುತ್ತ ಹೊಲದ ಆಚೆ ತುದಿ ಮುಟ್ಟಿದ್ದ ಹೊತ್ತು. ಅಲ್ಲಿಂದ ಕಾಲುವೆಯ ಮೆಟ್ಟಿಲು ಮರೆಯಿಲ್ಲದೆ ಕಾಣುತ್ತದೆ. ನನ್ನೆದುರು ದೊಡ್ಡತ್ತೆ ಕೂತಿದ್ದಳು. ಅವಳ ಬಲಗೈ ಹೆಬ್ಬೆರಳು ಚಮಚದಂತೆ ಹಿಂದಕ್ಕೆ ಬಾಗಿತ್ತು. ಉಗುರಿನ ಸಂದಿಯಲ್ಲಿ ಎರೆಮಣ್ಣು.

ಅವಳು ನಮ್ಮಪ್ಪನ ಅಕ್ಕ. ಮಕ್ಕಳಿಲ್ಲ, ಗಂಡ ಬೇಗ ಹೋದ. ತಾಯಿಯಿಲ್ಲದ ನನ್ನನ್ನೂ ನಮ್ಮಣ್ಣನನ್ನೂ ಬೆಳೆಸಿದವಳು ಅವಳೇ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಟ್ರ್ಯಾಕ್ಟರ್ ಏರಿ ಮನೋಳಿ ಹತ್ತಿರದ ಹೊಲಕ್ಕೆ ಊಟಕ್ಕೆ ಹೋದಾಗ ಮಕ್ಕಳೆಲ್ಲ ಅವಳ ಸುಪರ್ದಿಗೆ. ಮಕ್ಕಳ ಬಾಯಲ್ಲಿ ಅವಳು ಆಯಿ. ಒಣ ಜೋಳದ ದಂಟಿನಿಂದ ಗಾಡಿ, ಜಾಲಿಮುಳ್ಳಿನ ಕೀಲು, ಮಣ್ಣಿನ ಎತ್ತು, ಕಣ್ಣಿಗೆ ಜೋಳದ ಕಾಳು.

"ಲೇ, ಅದು ಎತ್ತೋ, ಹಂದ್ಯೋ? ಕುತ್ತಿಗಿ ಇಲ್ಲ, ನೊಗ ಎಲ್ಲಿ ಇಡಾಂವ?"

ಅವಳಿಗೆ ಎಲ್ಲರ ಮೇಲೂ ಸಂಶಯ. ಅಂಗಡಿಯ ಬಣ್ಣವನ್ನು ಮೂಸಿ ನೋಡಿ ಎಸೆಯುವಳು. ಮಕ್ಕಳ ಮೇಲೂ ನಂಬಿಕೆಯಿಲ್ಲ. "ಇದು ನಂದು, ಅದು ನಿಂದು ಅಂತ ಕೂದಲಾ ಕೂದಲಾ ಹಿಡೀತೀರಿ. ಹೊಟ್ಟಿ ಕೆಳಗ ಹೆಬ್ಬೆಟ್ಟು ಒತ್ರಿ." ಹಾಗೆ ಗುರುತು ಮಾಡಿದ ಎತ್ತುಗಳನ್ನು ಕಲ್ಲಿನ ಮೇಲೆ ಸಾಲಾಗಿ ಒಣಗಿಸುವಳು. ಆಮೇಲೆ ಪ್ರತಿವರ್ಷದ ಮಾತು: "ಎತ್ತಿಗಿ ನೀರ ಕುಡಿಸಲಾರದ ಯಾರೂ ಉಣಬಾರದು."

ಆ ದಿನವೂ ಅದನ್ನೇ ಅಂದಳು. ಗಾಡಿಗೆ ಕೀಲು ಹಾಕುತ್ತಿದ್ದವಳು ಕಲ್ಲಿನ ಕಡೆ ನೋಡಿ, "ಒಂದ ಎತ್ತು ಇಲ್ಲ. ಯಾರಲೇ ಕದ್ದಾಂವ?" ಎಂದಳು. ಮೊದಲು ಬಂದದ್ದು ಕಳ್ಳತನದ ಸಂಶಯವೇ. ಒಬ್ಬೊಬ್ಬರ ಮುಖ ನೋಡಿದಳು. ಅಣ್ಣನ ಸಣ್ಣ ಮಗಳು ಅಲ್ಲಿರಲಿಲ್ಲ.

ದೊಡ್ಡತ್ತೆ ಓಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ನಾನು ತಿರುಗಿ ನೋಡಿದಾಗ ಹುಡುಗಿ ಕೆಳಗಿನ ಮೆಟ್ಟಿಲಿನಿಂದ ಜಾರಿ ನೀರಿಗೆ ಬೀಳುತ್ತಿದ್ದಳು. ಆಗ ದೊಡ್ಡತ್ತೆ ಇನ್ನೂ ಏರಿಯ ಮೇಲಿದ್ದಳು. ಇಬ್ಬರ ನಡುವೆ ಮೆಟ್ಟಿಲುಗಳೆಲ್ಲ ಖಾಲಿ. ಇದನ್ನು ನಾನು ನೋಡಿದ್ದೇನೆ. ನನ್ನ ಕಾಲು ಕಿತ್ತು ಬರಲಿಲ್ಲ, ದನಿಯೂ ಹೊರಡಲಿಲ್ಲ. ನನ್ನ ಹಿಂದಿನಿಂದ ಯಾರೋ ಕೂಗಿದರು: "ಅತ್ತೀ, ಕೂದಲಾ ಹಿಡಿ!"

ಅವಳು ಮೊಣಕಾಲೂರಿ ಕೂದಲು ಹಿಡಿದಳು, ಫ್ರಾಕು ಹಿಡಿದಳು, ಎಳೆದು ಮೇಲೆ ಹಾಕಿದಳು. ಹುಡುಗಿ ಉಸಿರು ತಗೊಂಡು ಅತ್ತ ಮೇಲೆ ದೊಡ್ಡತ್ತೆ ಅವಳ ಕೆನ್ನೆಗೊಂದು ಹೊಡೆದಳು. ಅಂಜಿಕೆಯಿಂದ ಹೊಡೆದಳು ಎಂದುಕೊಂಡಿದ್ದೇನೆ. ಅಳು ಕೇಳಿ ಓಡಿಬಂದ ಅತ್ತಿಗೆ ಕಂಡದ್ದು ಇಷ್ಟೇ: ತೊಯ್ದ ಮಗಳು, ಮುಷ್ಟಿಯಲ್ಲಿ ಕೂದಲು, ಹೊಡೆತ.

"ನನ್ನ ಕೂಸಿನ್ನ ನೀರಿಗಿ ಯಾಕ ಕರಕೊಂಡ ಬಂದ್ರಿ?"

ಹುಡುಗಿ ಬಿಕ್ಕುತ್ತ ಅಂದಳು: "ಎತ್ತಿಗಿ ನೀರ ಕುಡಿಸಂತ ಆಯಿನ ಹೇಳ್ಯಾಳ."

"ಹೌದವಾ, ನಾನ ಹೇಳೇನಿ," ಎಂದಳು ದೊಡ್ಡತ್ತೆ. ಸುಳ್ಳು ಅವಳಿಗೆ ಬರುತ್ತಿರಲಿಲ್ಲ. ಬುಟ್ಟಿಯ ಹತ್ತಿರ ಕೂತ ಹೆಂಗಸರಲ್ಲಿ ಯಾರೋ, "ಹಡೀಲಾರದಾಕಿ ಕೈಯಾಗ ಕೂಸು ಕೊಟ್ಟರ ಹಿಂಗ," ಎಂದರು.

ನಾನು ಕಂಡದ್ದನ್ನು ಅಲ್ಲೇ ಹೇಳಿದೆ. "ನಿಮಗ ಉಣಿಸಿ ಬೆಳಸಿದಾಕಿ. ನೀವು ಮತ್ತೇನ್ ಹೇಳ್ತೀರಿ?" ಎಂದಳು ಅತ್ತಿಗೆ. ಅಣ್ಣನ ಕಡೆ ತಿರುಗಿದೆ. ಅವನು ಬನ್ನಿಗಿಡದ ಹಿಂದೆ ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ನಿಂತಿದ್ದ. "ನಾ ಬುಟ್ಟಿ ಇಳಸಾಕ ಹತ್ತಿದ್ನಿ. ನಂಗೇನೂ ಕಂಡಿಲ್ಲ," ಎಂದ. ಅಂದಿನ ಊಟದ ಚಿತ್ರಗಳು ಎಲ್ಲರ ಮೊಬೈಲಿನಲ್ಲಿವೆ. ಆ ಗಳಿಗೆಯದು ಯಾರ ಹತ್ತಿರವೂ ಇಲ್ಲ.

ಆ ಹುಡುಗಿಯನ್ನು ಮತ್ತೆ ಹೊಲಕ್ಕೆ ಕರೆತರಲಿಲ್ಲ. ದೊಡ್ಡತ್ತೆ ಬರುವುದನ್ನು ಬಿಡಲಿಲ್ಲ. ಮಣ್ಣು ಕಲಸುವ ಮೊದಲು ಒಂದು ಪರಾತದಲ್ಲಿ ನೀರು ತುಂಬಿ ಮಕ್ಕಳ ನಡುವೆ ಇಡತೊಡಗಿದಳು. "ಇದ ನಿಮ್ಮ ಹೊಳಿ. ಇಲ್ಲೇ ಕುಡಸ್ರಿ." ಕೊನೆಗೆ ಒಂದು ಎತ್ತು ಹೆಚ್ಚಿಗೆ ಮಾಡುವಳು. ಅದರ ಹೊಟ್ಟೆಗೆ ಹೆಬ್ಬೆಟ್ಟು ಇರುತ್ತಿರಲಿಲ್ಲ. ಯಾರದೆಂದು ಒಮ್ಮೆ ಕೇಳಿದೆ. "ಬಂದ್ರ ಒತ್ತಲಿ," ಎಂದಳು.

ಹೋದ ವರ್ಷ ಅವಳು ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಸಂಜೆ, ಈಗ ಬೈಲಹೊಂಗಲದಲ್ಲಿ ಕಾಲೇಜು ಓದುವ ಆ ಹುಡುಗಿ ನನ್ನ ಹತ್ತಿರ ಕೂತು ಮೆಲ್ಲಗೆ ಕೇಳಿದಳು: "ಕಾಕಾ, ಆಯಿ ನನ್ನ ಕಾಲುವಿಗಿ ದಬ್ಬಿದ್ಲಂತ. ಖರೇನ್ರಿ?"

ಅವಳಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಮಾತನ್ನು ನಂಬಬೇಡ, ಮಗಳೇ. ನಾನು ಅವಳ ಕೈತುತ್ತು ಉಂಡವನು. ಆದರೆ ಅಂದು ಆ ಹೊಲದಲ್ಲಿ ಅವಳನ್ನು 'ಅತ್ತಿ' ಎಂದು ಏಕವಚನದಲ್ಲಿ ಕರೆಯುವವರು ನಾವಿಬ್ಬರು ಅಣ್ಣತಮ್ಮಂದಿರೇ ಇದ್ದೆವು. ನನ್ನ ದನಿ ಹೊರಡಲಿಲ್ಲ. ಕೂದಲು ಹಿಡಿಯೆಂದು ಟ್ರಾಲಿಯ ಮೇಲಿಂದ ಕೂಗಿದವನು ನಿಮ್ಮಪ್ಪ. ಅವನು ನೋಡಿದ್ದಾನೆ. ಇನ್ನೂ ಇದ್ದಾನೆ. ಕೇಳು.