ಸಾರ್ವಜನಿಕರು ಎಂಬ ಒಬ್ಬರು

ಕಳೆದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಮೊಬೈಲಿಗೆ ಒಂದು ಯಂತ್ರದ ಕರೆ ಬಂತು. ಹೆಣ್ಣು ದನಿ. ನಿಮ್ಮ ಮನೆಗೆ ಕುಡಿಯುವ ನೀರು ಸರಿಯಾಗಿ ಬರುತ್ತಿದ್ದರೆ ಒಂದು ಒತ್ತಿ, ಇಲ್ಲವಾದರೆ ಎರಡು ಒತ್ತಿ ಎಂದಿತು. ನಾನು ಒಂದು ಒತ್ತಿದೆ. ನಿಮ್ಮ ಅಭಿಪ್ರಾಯ ಅಮೂಲ್ಯ ಎಂದು ಹೇಳಿ ಸುಮ್ಮನಾಯಿತು.

"ಯಾರ್ರೀ ಅದು?" ಎಂದು ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ನೀರು ಸರಿಯಾಗಿ ಬರುತ್ತಾ ಅಂತ ಕೇಳಿದ್ರು. ಬರುತ್ತೆ ಅಂದೆ."

"ನಲ್ಲಿ ಮೂರು ದಿನದಿಂದ ಬರೀ ಗಾಳಿ ಬಿಡ್ತಿದೆ. ಎದುರುಮನೆ ಬೋರಿಂದ ಹೊತ್ತು ತಂದು ತುಂಬಿಸ್ತಿದೀನಿ. ನೀವು ಕುಡೀತಿರೋದು ಅದನ್ನೇ."

ನಾನು ಮೊಬೈಲನ್ನು ಮೇಜಿನ ಮೇಲಿಟ್ಟೆ. ನೀರಿನ ವಿಷಯದಲ್ಲಿ ಸಾರ್ವಜನಿಕ ಅಭಿಪ್ರಾಯವನ್ನು ನಾನು ತಪ್ಪಾಗಿ ದಾಖಲಿಸಿದ್ದು ಇದು ಮೊದಲ ಸಲವಲ್ಲ. ಮೊದಲ ಸಲ ತಪ್ಪಿದಾಗ ನನಗೆ ಅದಕ್ಕಾಗಿ ಸಂಬಳವೂ ಬರುತ್ತಿತ್ತು. ಅಲ್ಪ, ಆದರೂ ಬರುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿದ ಒಂದು ಹೋಬಳಿ. ನಾನು ಜಿಲ್ಲಾ ಪತ್ರಿಕೆಯೊಂದರ ಅಲ್ಲಿನ ಏಜೆಂಟನೂ ಹೌದು, ವರದಿಗಾರನೂ ಹೌದು. ಅಂದರೆ ಬೆಳಿಗ್ಗೆ ಪತ್ರಿಕೆ ಹಂಚಬೇಕು, ಮಧ್ಯಾಹ್ನ ಮರುದಿನದ ಪತ್ರಿಕೆಗೆ ಸುದ್ದಿ ಹುಡುಕಬೇಕು. ಸುದ್ದಿ ಸಿಗದ ದಿನ ನಮ್ಮ ಕೈ ಹಿಡಿಯುತ್ತಿದ್ದದ್ದು ಒಂದೇ ವಾಕ್ಯ. ಓದುಗರಾದ ನಿಮಗೂ ಅದು ಬಾಯಿಪಾಠ ಆಗಿರಬೇಕು: "ಸಂಬಂಧಪಟ್ಟವರು ಕೂಡಲೇ ಇತ್ತ ಗಮನ ಹರಿಸಬೇಕೆಂದು ಸಾರ್ವಜನಿಕರು ಆಗ್ರಹಿಸಿದ್ದಾರೆ."

ಈ ಸಾರ್ವಜನಿಕರು ಯಾರು ಎಂಬ ಗುಟ್ಟನ್ನು ಇಷ್ಟು ವರ್ಷಗಳ ಮೇಲೆ ಹೇಳಿದರೆ ತಪ್ಪಿಲ್ಲ. ಕಡೂರಿನ ವರದಿಗಾರ ಮಿತ್ರರ ಸಾರ್ವಜನಿಕರು ಅವರ ಭಾವಮೈದ. ತರೀಕೆರೆಯವರ ಸಾರ್ವಜನಿಕರು ಒಬ್ಬ ನಿವೃತ್ತ ಮೇಷ್ಟ್ರು. ಅವರಿಗೆ ಚರಂಡಿಯೊಂದನ್ನು ಬಿಟ್ಟು ಬೇರೆ ವಿಷಯದಲ್ಲಿ ಅಭಿಪ್ರಾಯವಿರಲಿಲ್ಲ. ನನ್ನ ಸಾರ್ವಜನಿಕರು ಬದಲಾಗುತ್ತಿದ್ದರು. ಆ ದಿನ ಯಾರು ಕಾಫಿ ಕೊಡಿಸಿದರೋ ಅವರು.

ಚುನಾವಣೆ ಬಂದಾಗ ದೊಡ್ಡ ಊರುಗಳ ವರದಿಗಾರರು ಜೀಪಿನಲ್ಲಿ ಬಂದು "ಈ ಸಲ ಗಾಳಿ ಯಾವ ಕಡೆ?" ಎಂದು ಕೇಳುತ್ತಿದ್ದರು. ಒಮ್ಮೆ ಸಿಂಗಟಗೆರೆಯ ಸಂತೆ ದಾರಿಯಲ್ಲಿ ತೆಂಗಿನಕಾಯಿ ಗಾಡಿ ಹೊಡೆಯುತ್ತಿದ್ದ ಯಜಮಾನರೊಬ್ಬರು ನನ್ನೆದುರೇ ಎರಡು ಜೀಪುಗಳಿಗೆ ಎರಡು ಉತ್ತರ ಕೊಟ್ಟರು. ಯಾಕೆ ಎಂದು ಕೇಳಿದೆ. "ಅಷ್ಟು ದೂರದಿಂದ ಬಂದವ್ರೆ ಕಣ್ರೀ. ಬರಿಗೈಲಿ ಕಳ್ಸಕಾಯ್ತದಾ?" ಎಂದರು. ಎರಡು ಪತ್ರಿಕೆಗಳಲ್ಲಿಯೂ ಗಾಳಿ ಬೀಸಿತು. ನಾನು ನಕ್ಕೆ. ನಾನೂ ಅದೇ ಗಾಡಿಯವನು ಎಂಬುದು ಆಗ ಹೊಳೆದಿರಲಿಲ್ಲ.

ಅಜ್ಜಂಪುರದಿಂದ ಶಿವನಿಯ ಕಡೆಗೆ ಒಂದು ಹಳ್ಳಿ. ಹೆಸರು ಬೇಡ. ಆ ಹಳ್ಳಿಗೆ ಸರ್ಕಾರದಿಂದ ಒಂದು ಬೋರ್‌ವೆಲ್ ಮಂಜೂರಾಗಿತ್ತು. ನೀರಿರುವ ಎರಡು ಕಡೆ ಅಧಿಕಾರಿಗಳು ಕಲ್ಲಿಗೆ ಸುಣ್ಣ ಬಳಿದು ಹೋಗಿದ್ದರು: ಒಂದು ಊರೊಳಗಿನ ಚಾವಡಿಯ ಮುಂದೆ, ಇನ್ನೊಂದು ಊರ ಬಾಗಿಲಲ್ಲಿ, ಶಾಲೆಯ ಹತ್ತಿರ. ಶಾಲೆಯ ಪಕ್ಕಕ್ಕೆ ದಲಿತರ ಕೇರಿ. ಎರಡರಲ್ಲಿ ಯಾವುದು ಎಂಬುದನ್ನು ಊರವರ ಅಭಿಪ್ರಾಯಕ್ಕೆ ಬಿಟ್ಟಿದ್ದರು.

ಪಂಚಾಯಿತಿ ಚೇರ್ಮನ್ ಮಲ್ಲಪ್ಪನವರು ಅಜ್ಜಂಪುರದ ಹೋಟೆಲಿನಲ್ಲಿ ನನಗೆ ಕಾಫಿ ಕೊಡಿಸಿದರು. "ಬರ್ಕಳಿ, ಊರೋರೆಲ್ಲಾ ಚಾವಡಿ ಮುಂದೇನೇ ಬೇಕು ಅಂತವ್ರೆ" ಎಂದರು. ಕೆಟ್ಟ ಮನುಷ್ಯರಲ್ಲ. ಅವರು ನಿಜವಾಗಿಯೂ ಊರವರನ್ನೆಲ್ಲ ಕೇಳಿದ್ದರು. ಚಾವಡಿಯ ಮೇಲೆ ಕೂತಿದ್ದವರನ್ನೆಲ್ಲ.

ನಾನು ಬರೆದೆ. ಚಾವಡಿಯ ಮುಂದೆಯೇ ಕೊಳವೆ ಬಾವಿ ಕೊರೆಸಬೇಕೆಂದು ಸಾರ್ವಜನಿಕರು ಆಗ್ರಹಿಸಿದರು.

ಆಮೇಲೆ ಮಹಜರು ತಯಾರಾಯಿತು. ಮಹಜರು ಎಂದರೆ ಹತ್ತು ಜನರ ಎದುರಿಗೆ ಬರೆದು ಸಹಿ ಹಾಕಿಸಿದ ಕಾಗದ. ಸರ್ಕಾರದ ಕಣ್ಣಿಗೆ ಊರೆಂದರೆ ಅದೇ. ಅದರಲ್ಲಿ "ಪತ್ರಿಕೆಯಲ್ಲಿಯೂ ವರದಿಯಾಗಿರುವಂತೆ" ಎಂಬ ಮಾತು ಸೇರಿಕೊಂಡಿತು. ಎಂಜಿನಿಯರರು ನನ್ನ ವರದಿಯನ್ನು ಕತ್ತರಿಸಿ ಕಡತಕ್ಕೆ ಪಿನ್ನು ಹೊಡೆದರು. ಹೀಗೆ ಮಲ್ಲಪ್ಪನವರ ಮಾತಿಗೆ ನಾನು ಸಾಕ್ಷಿ, ನನ್ನ ಮಾತಿಗೆ ಮಲ್ಲಪ್ಪನವರು ಸಾಕ್ಷಿ.

ಒಂದು ವಾರದ ಮೇಲೆ ಈರುಳ್ಳಿ ಮಂಡಿಯ ಮುಂದೆ ಒಬ್ಬ ಹೆಂಗಸು ನನ್ನ ಸೈಕಲ್ಲು ಹಿಡಿದು ನಿಲ್ಲಿಸಿದಳು. ಆ ಹಳ್ಳಿಯ ಕೇರಿಯ ತಿಮ್ಮಕ್ಕ. ನಡುವಯಸ್ಸು. ಈರುಳ್ಳಿ ಹೊಲಗಳ ಕೆಲಸಕ್ಕೆ ಹೋಗುವ ಹೆಂಗಸರಿಗೆ ಮುಂದಾಳು.

"ಪೇಪರ್ನೋರೇ, ಸಾರ್ವಜನಿಕ್ರು ಅಂದ್ರೆ ಯಾರು ಸ್ವಾಮಿ?"

"ಊರಿನ ಜನ, ತಿಮ್ಮಕ್ಕ."

"ನೀರು ಹೊರೋರೋ, ಕುಡಿಯೋರೋ?"

ಅವಳೇ ಮುಂದುವರಿಸಿದಳು.

"ಊರ ಬಾವಿ ಹಗ್ಗ ನಾವು ಮುಟ್ಟಂಗಿಲ್ಲ. ಯಾರಾದ್ರೂ ಪುಣ್ಯಾತ್ಗಿತ್ತಿ ಸೇದಿ ಹುಯ್ಯೋಗಂಟ ದೂರ ನಿಂತಿರ್ಬೇಕು. ನಮ್ಮವ್ವನೂ ನಿಂತ್ಲು, ನಾನೂ ನಿಂತೆ. ಬೋರು ಸರ್ಕಾರದ್ದು, ಸ್ಕೂಲ್ ತಾವ ಆದ್ರೆ ಹ್ಯಾಂಡ್ಲು ನಾನೇ ಹೊಡೀಬೌದು ಅಂದ್ಕಂಡಿದ್ದೆ. ಅದ್ನೂ ತಗಂಡೋಗಿ ಚಾವಡಿ ಮುಂದೆ ಇಕ್ಕುದ್ರೆ ಮತ್ತೆ ನಿಂತ್ಕಳದೇ ಆಯ್ತು. ಅದ್ನ ನಾನೇ ಕೇಳ್ದೆ ಅಂತ ಬರ್ದೀರಲ್ಲ!"

"ನಿನ್ನ ಹೆಸರು ಬರೆದಿಲ್ಲವಲ್ಲ."

"ಹೆಸ್ರು ಬರ್ದಿದ್ರೆ ಅಲ್ಲ ಅನ್ಬೌದಾಗಿತ್ತು."

ಅವತ್ತೇ ಚಿಕ್ಕಮಗಳೂರಿನ ಕಚೇರಿಗೆ ಟ್ರಂಕ್ ಕಾಲ್ ಹಾಕಿ ತಿದ್ದುಪಡಿ ಹಾಕಬೇಕೆಂದು ಕೇಳಿದೆ. ಉಪಸಂಪಾದಕರು ತಾಳ್ಮೆಯ ಮನುಷ್ಯ. "ಸಾರ್ವಜನಿಕರು ಅಂತ ಬರೆದದ್ದು ತಪ್ಪಾಗೋದು ಹೇಗ್ರೀ? ಯಾರದಾದ್ರೂ ಹೆಸರು ಬರೆದಿದ್ರೆ ತಪ್ಪಾಗ್ತಿತ್ತು" ಎಂದರು. ತಿಮ್ಮಕ್ಕ ಹೇಳಿದ್ದೂ ಇದನ್ನೇ. ಒಂದೇ ಮಾತು, ಅಲ್ಲಿ ಅದು ದೂರು, ಇಲ್ಲಿ ಅದು ಸಮಾಧಾನ. ತಿದ್ದುಪಡಿ ಬರಲಿಲ್ಲ.

ಬೋರಿನ ಲಾರಿ ಬರುವ ದಿನ ಎಂಟು ಗಂಟೆಗೆಲ್ಲ ನಾನು ಆ ಊರಿಗೆ ಹೋದೆ. ಶಾಲೆಯ ಮುಂದೆ ಕೊಡಗಳು ಸಾಲಾಗಿ ನಿಂತಿದ್ದವು. ನೀರಿಗೆ ಕಾಯಬೇಕಾದಾಗ ಹೆಂಗಸರು ತಾವು ನಿಲ್ಲುವುದಿಲ್ಲ, ಕೊಡ ಇಟ್ಟು ಹೋಗುತ್ತಾರೆ. ಕೊಡ ನಿಂತರೆ ಅವರು ನಿಂತಂತೆ. ಇಲ್ಲಿ ನೀರೇ ಇರಲಿಲ್ಲ, ಸುಣ್ಣ ಬಳಿದ ಕಲ್ಲು ಮಾತ್ರ ಇತ್ತು. ಸಾಲು ಆ ಕಲ್ಲಿನಿಂದ ಶುರುವಾಗಿ, ಜಾಗ ಸಾಲದೆ, ರಸ್ತೆಗೆ ಅಡ್ಡವಾಗಿ ಹರಿದು ಎದುರಿನ ಕತ್ತಾಳೆ ಬೇಲಿಯನ್ನು ಮುಟ್ಟಿತ್ತು. ಎಣಿಸಿದೆ. ಮೂವತ್ತೆಂಟು. ಹಿತ್ತಾಳೆ, ತಾಮ್ರ, ಮಣ್ಣು. ಕೇರಿಯವೂ ಮೇಲಿನ ಬೀದಿಯವೂ ಒಂದಾದ ಮೇಲೊಂದು ಬೆರೆತಿದ್ದವು. ನಡುನಡುವೆ ಒಂದೊಂದು ಗೇಣು ಜಾಗ ಬಿಟ್ಟಿದ್ದರು ಎಂಬುದನ್ನೂ ದಾಖಲಿಸಬೇಕು.

ಲಾರಿ ಬಂದು ನಿಂತಿತು. ಹಿಂದೆಯೇ ಎಂಜಿನಿಯರರ ಜೀಪು. ಚಾವಡಿಗೆ ಬೇರೆ ದಾರಿ ಇಲ್ಲ.

"ಯಾರ್ದಮ್ಮಾ ಇವು? ತೆಗೀರಿ ತೆಗೀರಿ" ಎನ್ನುತ್ತಾ ಮಲ್ಲಪ್ಪನವರು ಮುಂದೆ ಬಂದರು. ಒಂದು ಹಿತ್ತಾಳೆ ಕೊಡದ ಮುಂದೆ ಅವರ ಕಾಲು ನಿಂತಿತು. ಗುರುತು ಸಿಕ್ಕಿತ್ತು. "ಲೇ, ಇದು ನಮ್ಮನೇದಲ್ವೇನೇ?"

ಅವರ ಹೆಂಡತಿ ಶಾಲೆಯ ಜಗಲಿಯಿಂದಲೇ ಹೇಳಿದರು: "ಹೆಸ್ರು ಓದ್ಕಳಿ. ಲಿಂಗದಹಳ್ಳಿ ನಮ್ಮಪ್ಪಂದೈತೆ. ನಿಮ್ಮ ಹೆಸ್ರು ಮಹಜರಲ್ಲೈತಲ್ಲ, ಅಲ್ಲೇ ಇರ್ಲಿ."

ಜಗಲಿಯಲ್ಲಿದ್ದ ಮೇಲಿನ ಬೀದಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಮದುವೆಯಲ್ಲಿ ಕೊಟ್ಟ ಕೊಡದ ಮೇಲೆ ತವರಿನ ಹೆಸರನ್ನು ಕೊರೆಸುವುದು ನಮ್ಮಲ್ಲಿ ಪದ್ಧತಿ. ಅದರಿಂದ ಇಂಥ ಉಪಯೋಗವೂ ಇದೆ ಎಂದು ಯಾರೂ ಯೋಚಿಸಿರಲಿಲ್ಲ.

"ಚಾವಡಿ ಮುಂದೆ ಏನೇ ಕಷ್ಟ ನಿಂಗೆ?"

"ಅಲ್ಲಿ ನಿಮ್ಮ ದೊಡ್ಡಪ್ಪ, ಚಿಕ್ಕಪ್ಪ ಎಲ್ಲಾ ಬೆಳಗಿಂದ ಸಂಜೆಗಂಟ ಕುಂತಿರ್ತಾರೆ. ತಲೆ ಮೇಲೆ ಸೆರಗು ಹೊದ್ಕಂಡು, ಹಲ್ಲು ಕಚ್ಕಂಡು ಹ್ಯಾಂಡ್ಲು ಹೊಡೀರಿ ನೀವು, ನೋಡಾಣ."

ಎಂಜಿನಿಯರರು ಗಡಿಯಾರ ನೋಡಿಕೊಂಡರು. "ನನ್ನ ಹತ್ರ ಇರೋದು ಮಹಜರು ಕಣಮ್ಮ. ಕೊಡ ಲೆಕ್ಕಕ್ಕಿಲ್ಲ. ದಾರಿ ಬಿಡ್ಸಿ, ಚೇರ್ಮನ್ರೇ."

ದಾರಿ ಬಿಡಿಸಲು ಕೊಡ ಎತ್ತಬೇಕು. ತಮ್ಮ ಮನೆಯ ಕೊಡಗಳನ್ನೇನೋ ಮೇಲಿನ ಬೀದಿಯ ಗಂಡಸರು ಎತ್ತಿಯಾರು. ಪಕ್ಕದ್ದು? ಕೇರಿಯ ಕೊಡಗಳನ್ನು ಮುಟ್ಟುವವರು ಯಾರು? ಕೇರಿಯವರೆಲ್ಲ ಬೆಳಕು ಹರಿಯುವ ಮೊದಲೇ ಹೊಲಗಳಿಗೆ ಹೋಗಿಯಾಗಿತ್ತು. ಮಲ್ಲಪ್ಪನವರು ಲಾರಿಯ ಡ್ರೈವರನ ಕಡೆ ನೋಡಿದರು. ಅವನು ಬೀಡಿ ಹಚ್ಚಿದ. "ಮಿಷಿನ್ ಓಡ್ಸೋದು ನನ್ ಕೆಲ್ಸ ಸ್ವಾಮಿ. ಕೊಡ ಮುಟ್ಟಿ ಹೋದ ವಾರ ಒಂದೂರಲ್ಲಿ ಪೊರಕೆ ಏಟು ತಿಂದಿದೀನಿ" ಎಂದ.

ಎಲ್ಲರೂ ನನ್ನನ್ನೂ ಒಮ್ಮೆ ನೋಡಿದರು. ನಾನು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದೆ. ವರದಿಗಾರ ಘಟನೆಯಲ್ಲಿ ಕೈಹಾಕಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ಆ ದಿನ ನನ್ನ ಕೈಯನ್ನು ತಡೆದದ್ದು ಆ ನಿಯಮವೇ ಎಂದು ಪ್ರಮಾಣ ಮಾಡಿ ಹೇಳಲಾರೆ.

ಹನ್ನೆರಡು ಗಂಟೆಯವರೆಗೆ ಊರು ಆ ಕೊಡಗಳನ್ನು ನೋಡುತ್ತಾ ನಿಂತಿತು. ತಿಮ್ಮಕ್ಕನನ್ನು ಕರೆತರಲು ಹೋದ ಆಳು ವಾಪಸು ಬಂದು, "ಕಳೆ ಮುಗ್ಸಿ ಬತ್ತೀನಿ ಅಂದ್ಲು" ಎಂದ. ಸಂಜೆಯೊಳಗೆ ಶಿವನಿಯ ಹತ್ತಿರ ಇನ್ನೊಂದು ಬೋರು ಕೊರೆಯಬೇಕಿದ್ದ ಎಂಜಿನಿಯರರು ಸುಣ್ಣದ ಕಲ್ಲನ್ನು ಬೂಟಿನಿಂದ ಒದ್ದು, "ಇದೂ ಪಾಯಿಂಟೇ ತಾನೆ? ಇಲ್ಲೇ ಇಳಿಸ್ರಪ್ಪಾ" ಎಂದರು.

ನೀರು ಬಂತು. ಪಂಪು ಕೂರಿಸಲು ಇನ್ನೂ ಎರಡು ವಾರ ಹಿಡಿಯಿತು. ಮೊದಲ ದಿನ ಹ್ಯಾಂಡಲಿಗೆ ಕೈ ಹಾಕಿದವಳು ತಿಮ್ಮಕ್ಕ. ಸಾಲಿನಲ್ಲಿ ಮೊದಲ ಕೊಡ ಅವಳದು. ಅವಳು ಹೊಡೆದದ್ದು ಅವಳ ಕೊಡ ತುಂಬುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಎಂದು ನನಗೆ ನೆನಪು. ನೀರು ಕೊಡದ ಬಾಯಿ ಮೀರಿ ಹರಿಯುತ್ತಿತ್ತು. ಹಿಂದಿನವರು "ಸಾಕು ಬಿಡು ತಿಮ್ಮಕ್ಕ" ಎಂದರೂ ಹೊಡೆಯುತ್ತಲೇ ಇದ್ದಳು.

"ಕೊಡಗಳನ್ನ ಬೇಕಂತಲೇ ಹಾಗೆ ಬೆರೆಸಿದ್ಯಾ?" ಎಂದು ಕೇಳಿದೆ.

"ಸರದಿ ಅಂದ್ಮೇಲೆ ಬಂದೋರು ಬಂದಂಗೆ ಇಕ್ತಾರೆ ಸ್ವಾಮಿ. ನಂಗೇನ್ ಗೊತ್ತು?"

ಈ ಸಲ ನಾನು ಹೆಸರು ಹಾಕಿ ಬರೆದೆ. ತಿಮ್ಮಕ್ಕ, ಮೂವತ್ತೆಂಟು ಕೊಡ, ಕತ್ತಾಳೆ ಬೇಲಿ, ಎಲ್ಲವನ್ನೂ. ಅಚ್ಚಾದದ್ದು ಮೂರು ಸಾಲು. ಕೊಳವೆ ಬಾವಿ ಕಾರ್ಯಾರಂಭ ಮಾಡಿದ್ದು, ಸಾರ್ವಜನಿಕರು ಹರ್ಷ ವ್ಯಕ್ತಪಡಿಸಿದ್ದಾರೆ.

ಕೊಡಗಳ ನಡುವಿನ ಗೇಣು ಜಾಗ ನಾನು ಅಜ್ಜಂಪುರ ಬಿಡುವವರೆಗೂ ಹಾಗೆಯೇ ಇತ್ತು. ಲಾರಿ ಬಂದ ದಿನ ಸಂಜೆಯೇ ಎಂಜಿನಿಯರರು ಹಳೆಯ ಮಹಜರನ್ನು ತೆಗೆದು ಹೊಸದನ್ನು ಬರೆಸಿದ್ದರು. ಅದರ ಕಾರ್ಬನ್ ಪ್ರತಿ ನನ್ನ ಟ್ರಂಕಿನಲ್ಲಿದೆ. ಕಳೆದ ಸೋಮವಾರ ಹುಡುಕಿ ತೆಗೆದೆ. ಶಾಲೆಯ ಹತ್ತಿರವೇ ಬೋರ್‌ವೆಲ್ ಆಗಬೇಕೆಂಬುದು ಗ್ರಾಮಸ್ಥರೆಲ್ಲರ ಒಮ್ಮತದ ಅಭಿಪ್ರಾಯ ಎಂದು ಅದರಲ್ಲಿದೆ. ಹನ್ನೊಂದು ಸಹಿ, ಮೂರು ಹೆಬ್ಬೆಟ್ಟು. ಮೊದಲ ಸಹಿ ಮಲ್ಲಪ್ಪನವರದು. ಹೆಂಗಸರದು ಒಂದೂ ಇಲ್ಲ.

ಕಾಗದವನ್ನು ಮಡಿಸಿಟ್ಟು, ಬೆಳಿಗ್ಗೆ ಕರೆ ಬಂದಿದ್ದ ಸಂಖ್ಯೆಗೆ ನಾನೇ ಕರೆ ಮಾಡಿ, ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಪೂರ್ತಿ ಕೇಳಿ, ಎರಡು ಒತ್ತಿದಳು.

ಈ ಸಂಖ್ಯೆಯ ಅಭಿಪ್ರಾಯ ಈಗಾಗಲೇ ದಾಖಲಾಗಿದೆ ಎಂದು ಯಂತ್ರ ಹೇಳಿತು.