ನಾನು ತೊಳೆದ ಔಟ್‌ಡೋರ್

ತೊಂಬತ್ತರ ದಶಕದ ಕೊನೆಯಲ್ಲಿ ಧರ್ಮಪುರಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದೆ. ಪೆನ್ನಾಗರಂ ಕಡೆಯ, ಕನ್ನಡ ಮಾತಾಡುವ ಕುರಿ ಸಾಕುವ ಮನೆಯವಳು ನಾನು. ಏಸಿಯನ್ನು ಕಂಡಿದ್ದೇ ಅಲ್ಲಿ. ಹೊಟ್ಟೆಯೊಳಗಿನ ಮಗುವನ್ನು ತೋರಿಸುವ ಯಂತ್ರಕ್ಕೆ ತಂಪಿರಬೇಕೆಂದು ಡಾಕ್ಟರಮ್ಮ ಹಾಕಿಸಿದ್ದರು. ಮೊದಲ ದಿನವೇ ತಮಿಳಿನಲ್ಲಿ ಹೇಳಿದರು: "ವಾರಾ ವಾರಂ ಔಟ್‌ಡೋರ್ ಕ್ಲೀನ್ ಪಣ್ಣಣುಂ." ವಾರವಾರವೂ ತಪ್ಪದೆ ಮಾಡಬೇಕಂತೆ.

ಡೋರ್ ಎಂದರೆ ಬಾಗಿಲು, ಅಷ್ಟು ಗೊತ್ತಿತ್ತು. ವಾರಕ್ಕೊಮ್ಮೆ ಯಾಕೆ, ದಿನವೂ ಬೀದಿಬಾಗಿಲಿಗೆ ಸೋಪು ಹಾಕಿ ತೊಳೆದೆ. ಏಸಿಯ ಜೊತೆಗೇ ಹಿತ್ತಲ ಗೋಡೆಗೆ ಕೂರಿಸಿದ್ದ ದೊಡ್ಡ ತಗಡಿನ ಡಬ್ಬದ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಅದು ಬಿಸಿಗಾಳಿ ಊದುತ್ತಿತ್ತು. ತಂಪು ಮಾಡಲು ತಂದದ್ದು ಹೀಗೇಕೆ ಸುಡುತ್ತದೆ? ಕೆಟ್ಟಿದೆಯೇನೋ ಎಂದುಕೊಂಡರೆ ಒಳಗಿನ ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ಯಾರನ್ನು ಕೇಳಬೇಕೋ ತಿಳಿಯದೆ ಸುಮ್ಮನಾದೆ.

ಬೇಸಿಗೆಯ ಒಂದು ಮಧ್ಯಾಹ್ನ, ನಮ್ಮ ಕಡೆಯ ಬಸುರಿ ಹೆಂಗಸೊಬ್ಬಳು ಮಂಚದ ಮೇಲೆ ಮಲಗಿದ್ದಾಗ ಏಸಿ ನಿಂತಿತು. ಕೋಣೆ ಕಾದು ಸ್ಕ್ಯಾನ್ ಪರದೆಯೂ ಕಪ್ಪಾಯಿತು. ಅಲ್ಲೇ ನೆಲ ಒರೆಸುತ್ತಿದ್ದ ನನ್ನ ಕೈಯನ್ನು ಅವಳು ಹಿಡಿದುಕೊಂಡಳು.

"ಮಗೀಗೆ ಏನಾತಕ್ಕಾ?"

"ಮಗೀಗೇನೂ ಆಗಿಲ್ಲ. ಮಿಷನ್ನು ಕೆಟ್ಟೈತೆ" ಎಂದೆ. ನನಗೂ ಖಾತ್ರಿಯಿರಲಿಲ್ಲ.

ಔಟ್‌ಡೋರ್ ಕ್ಲೀನ್ ಮಾಡಿದೆಯಾ ಎಂದು ಡಾಕ್ಟರಮ್ಮ ಗದರಿದರು. ಬೆಳಿಗ್ಗೆಯೇ ಮಾಡಿದೆ ಎಂದೆ. ಸುಳ್ಳೇನಲ್ಲ.

ಸಂಜೆ ಸೇಲಂನಿಂದ ಮೆಕ್ಯಾನಿಕ್ ಬಂದರು. ಆ ಕಡೆಯ ನಂಗವಳ್ಳಿಯವರು, ನಮ್ಮ ಕನ್ನಡವನ್ನೇ ಆಡುತ್ತಿದ್ದರು. ಹಿತ್ತಲ ಡಬ್ಬದ ಹಿಂಬದಿ ಧೂಳು, ಬೇವಿನ ಹೂವು ಸೇರಿ ಕಂಬಳಿಯಂತೆ ಮೆತ್ತಿಕೊಂಡಿತ್ತು.

"ಇದನ್ನ ಯಾವತ್ತಾದ್ರೂ ಮುಟ್ಟಿದ್ಯೇನಮ್ಮಾ?"

"ಇಲ್ಲಣ್ಣಾ. ಡೋರ್ ತೊಳೀತಿದ್ದೆ."

"ಯಾವ ಡೋರು?"

ಕರೆದುಕೊಂಡು ಹೋಗಿ ಬೀದಿಬಾಗಿಲು ತೋರಿಸಿದೆ. ಅವರು ಫಳಫಳ ಹೊಳೆಯುವ ಬಾಗಿಲನ್ನೂ ನನ್ನನ್ನೂ ನೋಡಿದರು. ನಗಲಿಲ್ಲ.

"ಔಟ್‌ಡೋರ್ ಅಂದ್ರೆ ಆ ಡಬ್ಬಾನೇ ಕಣಮ್ಮಾ."

ಕರೆಂಟು ಆರಿಸಿ, ಮೆತ್ತನೆಯ ಬ್ರಶ್ಶನ್ನು ಮೇಲಿನಿಂದ ಕೆಳಕ್ಕೆ ಆಡಿಸುವುದನ್ನು ಕಲಿಸಿದರು. ಅಡ್ಡಡ್ಡ ಉಜ್ಜಿದರೆ ತೆಳು ತಗಡುಗಳು ಬಾಗುತ್ತವಂತೆ. "ಒಳಗಿನ ಬಿಸೀನ ಇದು ತಂದು ಆಚೆ ಬಿಡ್ತೈತೆ. ದಾರಿ ಕಟ್ಕೊಂಡ್ರೆ ಬಿಸಿ ಎಲ್ಲಿಗೋಗ್ತೈತೆ?" ಎಂದರು. ತಲೆಯಾಡಿಸಿದೆ. ಬಿಸಿಯನ್ನು ಹೊತ್ತು ತರುವುದು ಹೇಗೆಂದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಇಲ್ಲ.

ಬಾಗಿಲಿನ ಕಥೆ ಕೇಳಿ ಡಾಕ್ಟರಮ್ಮ ಹಿತ್ತಲಿಗೆ ಬಂದು ಡಬ್ಬವನ್ನು ನೋಡಿದರು. ಆಮೇಲೆ, ತಾವೇ ತೋರಿಸಿಕೊಡಬೇಕಿತ್ತು ಎಂದರು.

ಮರುದಿನ ಆ ಹೆಂಗಸು ಮತ್ತೆ ಬಂದಳು. ಪರದೆಯಲ್ಲಿ ಮಗು ಕಾಲಾಡಿಸುತ್ತಿತ್ತು. ನೋಡು ಬಾ ಎಂದು ನನ್ನನ್ನೂ ಒಳಗೆ ಕರೆದಳು.