ಆಲ್ಟೊ ಸಾಲಿನ ಡಾಕ್ಟರ್ ಆಂಟಿ

ಹಾಡುವಾಗ ಅವರು ಬಲಗೈಯನ್ನು ಬಟ್ಟಲಿನಂತೆ ಮಾಡಿ ಕಿವಿಯ ಹಿಂದೆ ಹಿಡಿಯುತ್ತಿದ್ದರು. ಇಳಕಲ್ ಸೀರೆ, ಕಾಲಿಗೆ ಬಿಳಿ ವಾಕಿಂಗ್ ಶೂ, ಗಿಡ್ಡಗೆ ಕತ್ತರಿಸಿದ ನರೆಗೂದಲು. ಕಿವಿ ಮಂದವೇನೋ ಎಂದುಕೊಂಡಿದ್ದೆ. ಪಕ್ಕದವರ ದನಿ ಚೆನ್ನಾಗಿ ಕೇಳಲೆಂದು ಹಾಗೆ ಹಿಡಿಯುತ್ತಾರೆಂದು ಆಮೇಲೆ ತಿಳಿಯಿತು.

ಧಾರವಾಡದವರು, ಇಲ್ಲಿನ ಫ್ಲವರ್ ಮೌಂಡ್ ಊರಿನಲ್ಲಿ ಮಕ್ಕಳ ವೈದ್ಯೆಯಾಗಿದ್ದು ನಿವೃತ್ತರಾಗಿದ್ದರು. ನಮಗೆಲ್ಲ ಡಾಕ್ಟರ್ ಆಂಟಿ. ನಾನು ಅವರನ್ನು ಕಂಡದ್ದು ಗೆಳತಿಯ ಮನೆಯ ಯುಗಾದಿ ಊಟದಲ್ಲಿ. ಥೈರಾಯ್ಡ್ ಆಪರೇಷನ್ ಆದ ಮೇಲೆ ನನ್ನ ತಾರಸ್ಥಾಯಿ ಪೂರ್ತಿ ಹೋಗಿತ್ತು. ಮೈಸೂರಿನಲ್ಲಿ ಚಿಕ್ಕಂದಿನಿಂದ ಕಲಿತ ಸಂಗೀತ. ಮಗಳನ್ನು ಮಲಗಿಸುವಾಗಲೂ ಹಾಡುವುದನ್ನು ಬಿಟ್ಟಿದ್ದೆ. ಆ ದಿನ ಯಾರೋ ಹಾಡಲು ಒತ್ತಾಯಿಸಿದಾಗ, "ನಂದೆಲ್ಲ ಮುಗೀತು, ಬಿಡಿ" ಎಂದೆ.

"ಏನ್ ಮುಗೀತು ತಂಗಿ?" ಆಂಟಿ ಹೋಳಿಗೆಯ ತಟ್ಟೆ ಹಿಡಿದೇ ಬಂದರು. "ನಿನ್ನ ದನಿ ಎಷ್ಟ್ ಚಂದ ಕೆಳಗ ಅದ! ನಾವು ಕೂಡಿ ಹಾಡೋ ಕಾಯರ್‌ನ್ಯಾಗ ಆಲ್ಟೊ ಹಾಡವ್ರು ಸಿಗಂಗಿಲ್ಲ. ಮಂಗಳವಾರ ಬಾ."

ಆಲ್ಟೊ ಎಂದರೆ ಹೆಂಗಸರ ತಗ್ಗಿನ ದನಿ ಎಂಬುದೂ ನನಗೆ ಗೊತ್ತಿರಲಿಲ್ಲ. ಪಾಠ ಅವರ ಮನೆಯಲ್ಲೇ ಶುರುವಾಯಿತು. ಕೀಬೋರ್ಡಿನಲ್ಲಿ ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತುವರು. "ನಮ್ಮಲ್ಲೆ ಸ್ವರ ಒಂದರ ಹಿಂದೊಂದು ಬರ್ತಾವ. ಇಲ್ಲೆ ಕೂಡಿ ನಿಂದರ್ತಾವ. ಈಗ ಗಾಂಧಾರ ಇಳಸ್ತೀನಿ, ಕೇಳು." ನಗುತ್ತಿದ್ದ ನಾದ ಒಮ್ಮೆಲೇ ಮಂಕಾಗುತ್ತಿತ್ತು. "ಆ ನಡುವಿನ ಸ್ವರ ಬಹಳ ಸಲ ಆಲ್ಟೊದವರದು. ಹಾಡು ನಗೂದು, ಅಳೂದು ನಮ್ಮ ಕೈಯಾಗ!"

ಚಹಾ ಸೋಸುತ್ತ ಇತಿಹಾಸ ಹೇಳುವರು. ಯುರೋಪಿನ ಹಳೆಯ ಮಠಗಳಲ್ಲಿ ಸನ್ಯಾಸಿಗಳೆಲ್ಲ ಒಂದೇ ಧಾಟಿ ಹಾಡುತ್ತಿದ್ದದ್ದು, ಯಾರೋ ಅದಕ್ಕೆ ಇನ್ನೊಂದು ಧಾಟಿ ಜೋಡಿಸಿದ್ದು, ಮೂಲ ಧಾಟಿಯನ್ನು ಎಳೆದು ಹಿಡಿದು ನಿಲ್ಲುವವನಿಗೆ ‘ಹಿಡಿದವನು’ ಎಂಬ ಅರ್ಥದಲ್ಲಿ ಟೆನರ್ ಎಂಬ ಹೆಸರು ಬಂದದ್ದು. "ಎಷ್ಟೋ ಚರ್ಚಿನ್ಯಾಗ ಹೆಂಗಸರಿಗೆ ಹಾಡಲಿಕ್ಕೇ ಬಿಡ್ತಿದ್ದಿಲ್ಲ. ಈಗ ನೋಡು, ಒಬ್ಬಾಕಿ ಧಾರವಾಡದಾಕಿ, ಒಬ್ಬಾಕಿ ಮೈಸೂರಾಕಿ!" ಎಂದು ಹೊಟ್ಟೆ ಕುಲುಕಿಸಿ ನಗುವರು.

ಕಾಯರ್‌ನಲ್ಲಿ ಮಾತ್ರ ನಾನು ಮತ್ತೆ ಮತ್ತೆ ಜಾರಿ, ಮೇಲಿನ ದನಿಯವರು ಹಾಡುವ ಮುಖ್ಯ ಧಾಟಿಗೆ ಹೋಗಿಬಿಡುತ್ತಿದ್ದೆ. ಆಂಟಿಯ ದನಿಗೆ ಒರಗಿಕೊಂಡರಷ್ಟೇ ನನ್ನ ಸಾಲು ಉಳಿಯುತ್ತಿತ್ತು. ಒಂದು ಸಂಜೆ ರಿಹರ್ಸಲ್ ನಡುವೆ ಆ ದನಿ ತಟ್ಟನೆ ನಿಂತಿತು. ಆದರೂ ಹಾಡಿದೆ. ನನ್ನ ಮಧ್ಯಮ ಸ್ವರ ಅಲುಗಲಿಲ್ಲ. ಮೇಲೆ, ಕೆಳಗೆ ಬೇರೆ ಬೇರೆ ದನಿಗಳು ಅದಕ್ಕೆ ಬಂದು ಕೂಡಿಕೊಂಡವು.

"ಗಂಟಲು ಹಿಡ್ಕೊಳ್ತಾ ಆಂಟಿ?"

"ಗಂಟಲಿಗೆ ಏನಾಗ್ಯದ? ನೀ ಒಬ್ಬಾಕಿನೇ ನಿಂದರ್ತೀಯೋ ಇಲ್ಲೋ ನೋಡಿದೆ. ನಿಂತೀ."

ಸೌತ್‌ಲೇಕ್‌ನ ಚರ್ಚಿನಲ್ಲಿ ಕಾರ್ಯಕ್ರಮ ಮುಗಿದಾಗ ಮಗಳು ಓಡಿಬಂದು, "ಅಮ್ಮಾ, ಐ ಕುಡ್ ಹಿಯರ್ ಯು!" ಎಂದಳು. ಆಂಟಿ ನನಗಿಂತ ಹೆಚ್ಚು ಹಿಗ್ಗಿದರು.

ಈಗ ಅವರು ಹ್ಯೂಸ್ಟನ್‌ನಲ್ಲಿರುವ ತಮ್ಮ ಮಗಳ ಮನೆಗೆ ಶಿಫ್ಟ್ ಆಗಿದ್ದಾರೆ. ನಾನು ಹಾಡುವವಳು ಎಂದು ಮತ್ತೆ ಹೇಳಿಕೊಳ್ಳುವಂತಾದದ್ದು ಅವರಿಂದ. ಮೊನ್ನೆ ನೋಡಲು ಹೋಗಿದ್ದೆವು. ಊಟಕ್ಕೆ ಮುಂಚೆ ನನ್ನ ಮಗಳು ಕನ್ನಡ ಕ್ಲಾಸಿನಲ್ಲಿ ಕಲಿತ ಹಾಡೊಂದನ್ನು ಎತ್ತಿಕೊಂಡಳು. ನಾನು ಅದರ ಕೆಳಗೊಂದು ದಾರಿ ಹಿಡಿದೆ. ಆಂಟಿ ಕಣ್ಣು ಮುಚ್ಚಿ ಇನ್ನೂ ಕೆಳಗೆ ಇಳಿದರು. ಮುಗಿದೊಡನೆ, "ಇನ್ನೊಮ್ಮೆ" ಎಂದರು. ಅವರ ಮಗಳು ಒಲೆ ಆರಿಸಿ ಬಂದು ನಮ್ಮ ಪಕ್ಕ ಕೂತರು.